ಮೊದಲು ಟವೆಲು, ಆಮೇಲೆ ಊರು

ನಮ್ಮ ಕಡೆ ನಿಲ್ದಾಣಕ್ಕೆ ಬಸ್ಸು ಬರುತ್ತಿದ್ದಂತೆ ಜನ ಮೊದಲು ಮಾಡುವ ಕೆಲಸ ಕಿಟಕಿಯಿಂದ ಟವೆಲು ಎಸೆಯುವುದು. ಟವೆಲು ಇಲ್ಲದವರು ಕರವಸ್ತ್ರ ಹಾಕುತ್ತಾರೆ, ಅದೂ ಇಲ್ಲದವರು ಚೀಲ, ಏನೂ ಇಲ್ಲದವರು ಕಾಲಿನ ಚಪ್ಪಲಿ. ಯಲಬುರ್ಗಾದಲ್ಲಿ ಒಬ್ಬಾಕೆ ಕಂಕುಳಲ್ಲಿದ್ದ ಕೂಸನ್ನೇ ಕಿಟಕಿಯೊಳಗೆ ಇಳಿಸಿ ಸೀಟಿನ ಮೇಲೆ ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೀಗೆ ಹಿಡಿದ ಜಾಗದಲ್ಲಿ ಕೂತು, ಬೆವರು ಒರೆಸಿಕೊಂಡು, ಕಾಲು ಚಾಚಿದ ಮೇಲೆ ಪಕ್ಕದವರನ್ನು ಕೇಳುತ್ತಾರೆ: "ಇದು ಎಲ್ಲಿಗೆ ಹೊಕ್ಕೈತ್ರಿ?" ಕುಷ್ಟಗಿಗೆ ಹೋಗಬೇಕಾದವರು ಕೊಪ್ಪಳದ ದಾರಿಯಲ್ಲಿ ಅರ್ಧ ಹೋಗಿ ಇಳಿದದ್ದೂ ಉಂಟು. ಈ ಜನರನ್ನು ನೋಡಿ ನಾನು ಇಪ್ಪತ್ತು ವರ್ಷ ನಕ್ಕಿದ್ದೇನೆ. ಮಾಸ್ತರನಾದವನಿಗೆ ಇತರರ ದಡ್ಡತನಕ್ಕೆ ನಗುವ ಹಕ್ಕು ಸಂಬಳದ ಜೊತೆಗೇ ಬರುತ್ತದೆ ಎಂದುಕೊಂಡಿದ್ದೆ.

ನಾನು ಯಲಬುರ್ಗಾ ತಾಲೂಕಿನ ಒಂದು ಸರಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೇರೆ ಯಾರೂ ಒಪ್ಪದ ಕಾರಣ ಶಾಲೆಯ ವೃತ್ತಿ ಮಾರ್ಗದರ್ಶನದ ಹೊಣೆಯೂ ನನ್ನದೇ. ಅದಕ್ಕಾಗಿ ಕೊಪ್ಪಳದಲ್ಲಿ ಎರಡು ದಿನ ತರಬೇತಿ ಪಡೆದಿದ್ದೇನೆ. ಮೊದಲ ದಿನ ಉದ್ಘಾಟನೆ ಮಧ್ಯಾಹ್ನದವರೆಗೆ ನಡೆಯಿತು, ಎರಡನೆಯ ದಿನ ಸಮಾರೋಪ ಮಧ್ಯಾಹ್ನಕ್ಕೇ ಶುರುವಾಯಿತು. ಉಳಿದ ಹೊತ್ತಿನಲ್ಲಿ ಒಂದು ಫೈಲು, ಒಂದು ಪೆನ್ನು, ಒಂದು ಬಣ್ಣದ ಚಾರ್ಟು ಕೊಟ್ಟರು. ಚಾರ್ಟಿನ ನಡುವೆ ಒಂದು ಮಗುವಿನ ಚಿತ್ರ, ಅದರ ಸುತ್ತ ಎಂಟು ಬಾಣ, ಬಾಣಕ್ಕೊಂದು ವೃತ್ತಿ. ಮಗುವಿನ ಕಾಲ ಕೆಳಗೆ 'ಆಯ್ಕೆ ನಿನ್ನದು' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ತಂದು ಸ್ಟಾಫ್ ರೂಮಿನ ಗೋಡೆಗೆ ಹಚ್ಚಿದೆ. ಮಕ್ಕಳು ಸ್ಟಾಫ್ ರೂಮಿಗೆ ಬರುವಂತಿಲ್ಲ ಎಂಬುದು ಆಮೇಲೆ ನೆನಪಾಯಿತು.

ಇಂಥ ಪಂಡಿತ ಮನೆಯಲ್ಲೇ ಇರುವಾಗ ನನ್ನ ತಂಗಿಯ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ತಂಗಿಯ ಮನೆ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ಗಂಡ ಹೆಂಡತಿ ಇಬ್ಬರೂ ತಮ್ಮ ಹೊಲದ ಕೆಲಸ ಮುಗಿದಾಗ ಇತರರ ಹೊಲಕ್ಕೆ ಕೂಲಿಗೆ ಹೋಗುವವರು. ಹುಡುಗಿಗೆ ಒಳ್ಳೆಯ ಅಂಕಗಳು ಬಂದಿದ್ದವು. ಬಂದವರೆಲ್ಲ ಪೇಡೆ ಬಾಯಿಗೆ ಹಾಕಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಮುಂದ ಏನಾಗ್ತಿಯವ್ವ?" ಅವಳು ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: "ಗೊತ್ತಿಲ್ರಿ."

ಹದಿನಾರರ ಹುಡುಗಿ ಗೊತ್ತಿಲ್ಲ ಎಂದದ್ದಕ್ಕೆ ಮನೆಯಲ್ಲಿ ಯಾರಿಗೋ ಜ್ವರ ಏರಿದಷ್ಟು ಗಾಬರಿ. ಒಬ್ಬರು ನರ್ಸ್ ಮಾಡಿರಿ ಎಂದರು, ಅವರಿಗೆ ಸಕ್ಕರೆ ಕಾಯಿಲೆ, ದಿನವೂ ಸೂಜಿ ಚುಚ್ಚುವವರು ಬೇಕಿತ್ತು. ಇನ್ನೊಬ್ಬರು ಪಿಎಸ್‌ಐ ಮಾಡಿರಿ ಎಂದರು, ಅವರಿಗೆ ದಾಯಾದಿಗಳ ಜೊತೆ ಬದುವಿನ ಜಗಳವಿತ್ತು. ತಂಗಿ ನನ್ನ ಮುಖ ನೋಡಿ, "ಅಣ್ಣಾ, ನೀನ ದಾರಿ ತೋರ್ಸು, ನೀನ ಅದನ್ನ ಕಲ್ತು ಬಂದೀಯಲ್ಲ" ಎಂದಳು. ಎಲ್ಲರೂ ನನ್ನತ್ತ ತಿರುಗಿದರು. ಆ ಕ್ಷಣ ನನಗೆ ಎಷ್ಟು ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮೂರನೆಯ ದಿನ, ಝೆರಾಕ್ಸ್ ಮಾಡಿಸುತ್ತೇನೆ ಎಂದು ಹೇಳಿ ಹುಡುಗಿಯ ಮಾರ್ಕ್ಸ್ ಕಾರ್ಡು, ಟಿ.ಸಿ. ಎರಡನ್ನೂ ತೆಗೆದುಕೊಂಡು ನೇರ ಗಂಗಾವತಿಗೆ ಹೋದೆ. ಭತ್ತದ ಗದ್ದೆಗಳ ನಡುವೆ ಎತ್ತರದ ಕಾಂಪೌಂಡು ಕಟ್ಟಿಕೊಂಡ ಒಂದು ವಸತಿ ಕಾಲೇಜು ಅಲ್ಲಿತ್ತು. ವಿಜ್ಞಾನ ಬಿಟ್ಟರೆ ಬೇರೆ ವಿಷಯವಿಲ್ಲ. ಅಲ್ಲಿನ ಹೆಡ್ ಕ್ಲರ್ಕ್ ನನ್ನ ಹಳೆಯ ಸಹಪಾಠಿ. "ಒರಿಜಿನಲ್ ಇಟ್ಟು ಹೋಗಪಾ, ಸೀಟು ನಿಂದು. ನಾಳೆ ಬಂದ್ರ ಗ್ಯಾರಂಟಿ ಇಲ್ಲ" ಎಂದ. ಅರ್ಜಿ ತುಂಬಿದೆ. ಪೋಷಕರ ಜಾಗದಲ್ಲಿ ಸೋದರಮಾವನೆಂದು ನನ್ನ ಸಹಿ ಹಾಕಿದೆ. ಅದರ ಮೇಲೆ 'ವಿದ್ಯಾರ್ಥಿನಿಯ ಸಹಿ' ಎಂಬ ಸಾಲು ಖಾಲಿ ಉಳಿದಿತ್ತು. ಅತ್ತಿತ್ತ ನೋಡಿ ಅಲ್ಲೂ ಅವಳ ಹೆಸರು ಬರೆದೆ. ಹುಡುಗಿಯರು ಬರೆಯುವ ಹಾಗೆ ಅಕ್ಷರಗಳನ್ನು ಗುಂಡಗೆ ಮಾಡಿದೆ. ಚೆನ್ನಾಗಿ ಬಂತು ಎಂದು ಒಳಗೊಳಗೇ ಖುಷಿಪಟ್ಟೆ.

ಹೀಗೆ ಎಲ್ಲ ಮುಗಿಸಿಬಂದ ಮೇಲೆ ಹುಡುಗಿಗೆ ದಾರಿ ಹುಡುಕುವ ಕಾರ್ಯಕ್ರಮ ಶುರು ಮಾಡಿದೆ. ನಗಬೇಡಿ. ಮಗು ತಾನೇ ಅನ್ವೇಷಣೆ ಮಾಡಬೇಕೆಂದು ಚಾರ್ಟಿನಲ್ಲಿ ಇತ್ತು. ನಾಲ್ಕಾರು ಕಡೆ ಸುತ್ತಾಡಿಸಿದರೆ ಕೊನೆಗೆ ಅವಳ ಬಾಯಿಂದಲೇ ವಿಜ್ಞಾನ ಎಂಬ ಮಾತು ಬರುತ್ತದೆ, ಆಗ ನಾನು ಆಶ್ಚರ್ಯಪಟ್ಟವನಂತೆ ಹುಬ್ಬೇರಿಸಿ, "ಹೌದಾ? ಹಂಗಾರ ನೋಡೋಣ" ಎನ್ನಬೇಕು ಎಂದು ಯೋಚಿಸಿದ್ದೆ. ಹುಬ್ಬೇರಿಸುವುದನ್ನು ಕನ್ನಡಿಯ ಮುಂದೆ ಒಮ್ಮೆ ಮಾಡಿಯೂ ನೋಡಿದ್ದೆ.

ಹುಡುಗಿ ಒಂದು ನೋಟ್‌ಬುಕ್ ಹಿಡಿದು ಬೈಕಿನ ಹಿಂದೆ ಕೂತಳು. ಮೊದಲು ಹೋದದ್ದು ಕೊಪ್ಪಳಕ್ಕೆ, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಮ್ಮ ದೊಡ್ಡಪ್ಪನ ಮಗನ ಹತ್ತಿರ. ಅವನು ಫ್ಯಾನಿನ ಕೆಳಗಿನ ಕುರ್ಚಿಯನ್ನು ಕೈಯಿಂದ ತಟ್ಟಿ, ಬಿಸಿಲಲ್ಲಿ ದುಡಿಯುವವರ ಬಗ್ಗೆ ಅರ್ಧ ಗಂಟೆ ಮರುಗಿ, "ನೌಕರಿ ಅಂದ್ರ ನೆರಳು ನೋಡವ್ವ" ಎಂದ. ಹುಡುಗಿ ಎಲ್ಲ ಕೇಳಿಸಿಕೊಂಡು ತಣ್ಣಗೆ ಕೇಳಿದಳು:

"ಮಾಮಾ, ಇದನ್ನ ನೀವು ಆರಿಸ್ಕೊಂಡ್ರೇನ್ರಿ, ಇಲ್ಲಾ ಹಂಗ ಆಗಿಬಿಟ್ರೇನ್ರಿ?"

ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. "ಆರಿಸೋದೇನ ಬಂತು? ಹತ್ತು ಕಡೆ ಅರ್ಜಿ ಒಗದಿದ್ದೆ. ಇವರು ಮೊದಲ ಕರದ್ರು, ಬಂದೆ. ರೈಲ್ವೆದವ್ರು ಕರದಿದ್ರ ಅಲ್ಲಿರ್ತಿದ್ದೆ" ಎಂದ. ಚಹಾ ಕುಡಿಸಿ ಕಳಿಸಿದ. ಹುಡುಗಿ ನೋಟ್‌ಬುಕ್ಕಿನಲ್ಲಿ 'ಆಗಿಬಿಟ್ಟರು' ಎಂದು ಬರೆದುಕೊಂಡಳು.

ಸಿದ್ದಾಪುರದ ಅಕ್ಕಿ ಗಿರಣಿಯ ಮ್ಯಾನೇಜರು ಯಂತ್ರಗಳನ್ನೆಲ್ಲ ಪ್ರೀತಿಯಿಂದ ತೋರಿಸಿದರು. ಕಲ್ಲು, ಕಪ್ಪಕ್ಕಿ ಆರಿಸಿ ಹೊರಗೆ ಚಿಮ್ಮುವ ದೊಡ್ಡ ಯಂತ್ರದ ಮುಂದೆ ನಿಂತಾಗ ಹುಡುಗಿ ಅದೇ ಪ್ರಶ್ನೆ ಕೇಳಿದಳು. ಅವರು ಗಡಗಡ ಸದ್ದಿನ ನಡುವೆ ಕೂಗಿ ಹೇಳಿದರು: "ನಮ್ಮ ನಾಯನ ಇಲ್ಲಿ ಕೂಡು ಅಂದ್ರು, ಕೂತ್ಕೊಂಡೆನಮ್ಮಾ!" ತೆಲುಗು ಮನೆಮಾತಿನ ಅವರಿಗೆ ನಾಯನ ಎಂದರೆ ಅಪ್ಪ. ಹುಡುಗಿ ಮತ್ತೆ ಬರೆದುಕೊಂಡಳು.

ಮರುದಿನ ಹಂಪಿಯ ಎದುರು ದಡದ ವಿರೂಪಾಪುರಗಡ್ಡೆಗೆ ಹೋದೆವು. ಅಲ್ಲಿ ನನಗೆ ಪರಿಚಯದವನೊಬ್ಬ ಹಿಂದೆ ವಿದೇಶಿಯರಿಗೆ ಅಡಿಗೆ ಮಾಡುತ್ತಿದ್ದ. ಶಾಲೆಗೆ ನಾಲ್ಕನೆಯ ತರಗತಿಯಲ್ಲೇ ಕೈಮುಗಿದವನು, ಆದರೆ ಮೂರು ದೇಶದ ಭಾಷೆಯಲ್ಲಿ ಊಟಕ್ಕೆ ಏನು ಬೇಕೆಂದು ಕೇಳಬಲ್ಲ, ಅದೇ ಮೂರರಲ್ಲಿ ಬೈಯಲೂ ಬಲ್ಲ. ಕೋರ್ಟಿನ ಆದೇಶದಿಂದ ಅಲ್ಲಿನ ರೆಸಾರ್ಟುಗಳನ್ನೆಲ್ಲ ಕೆಡವಿದ ಮೇಲೆ ಗದ್ದೆಗೆ ಇಳಿದಿದ್ದಾನೆ. ಓದದಿದ್ದರೆ ಏನಾಗುತ್ತದೆ ಎಂದು ತೋರಿಸಲು ಅವನನ್ನು ಆರಿಸಿದ್ದೆ. ಅಷ್ಟು ಹೇಳಿದರೆ ಸಾಕು ನನ್ನ ಯೋಗ್ಯತೆ ತಿಳಿಯಲು. ಅವನು ಕೆಸರುಗಾಲಲ್ಲೇ ಬದುವಿನ ಮೇಲೆ ಕೂತು, ಹುಡುಗಿಯ ಪ್ರಶ್ನೆಗೆ ಹೊಟ್ಟೆ ಹಿಡಿದು ನಕ್ಕ.

"ಹೊಳಿ ದಾಟಿ ಬಂದೋರು ಹಸ್ದಿದ್ರು, ರೊಟ್ಟಿ ಬಡದು ಕೊಟ್ವಿ, ಹೋಟೆಲ್ ಆತು. ಹೋಟೆಲ್ ಹೋತು, ಭತ್ತ ಹಚ್ಚಿದ್ವಿ. ನಿನಗೇನ್ ಬೇಕಪಾ ಅಂತ ನನ್ನ ಯಾರೂ ಕೇಳ್ಲಿಲ್ಲವ್ವ. ನೀನ ಮೊದಲ ಕೇಳಿದಾಕಿ."

ವಾಪಸ್ ಬರುವಾಗ ಬೈಕಿನ ಹಿಂದಿನಿಂದ ಅವಳ ದನಿ ಬಂತು. "ಮಾಮಾ, ನೀವು?"

ಈ ಪ್ರಶ್ನೆಗೆ ನನ್ನ ಹತ್ತಿರ ತಯಾರಾದ ಉತ್ತರವಿದೆ. ಪ್ರತಿ ವರ್ಷ ಶಿಕ್ಷಕರ ದಿನಾಚರಣೆಯಲ್ಲಿ ಹೇಳುತ್ತೇನೆ. ಚಿಕ್ಕವನಿದ್ದಾಗ ಬಾಗಿಲಿಗೆ ಸುಣ್ಣದಲ್ಲಿ ಬರೆದು ಕೋಳಿಗಳಿಗೆ ಪಾಠ ಮಾಡುತ್ತಿದ್ದೆ, ಗುರುವಾಗುವುದೇ ನನ್ನ ಕನಸಾಗಿತ್ತು ಇತ್ಯಾದಿ. ಅದನ್ನೇ ಅವಳಿಗೂ ಹೇಳಿದೆ. ನಿಜ ಸಂಗತಿ ಬೇರೆ. ನನಗೆ ಗಡಿಯಾರ, ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚಿತ್ತು. ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ನನ್ನ ದೊಡ್ಡಪ್ಪ ನನ್ನ ಮಾರ್ಕ್ಸ್ ಕಾರ್ಡನ್ನು ಶಿಕ್ಷಕರ ತರಬೇತಿ ಕಾಲೇಜಿಗೆ ಕೊಟ್ಟುಬಂದು, ಸಂಜೆ ಮನೆಯಲ್ಲಿ ಸುದ್ದಿ ಹೇಳಿದ. ಅವ್ವ ಹೋಳಿಗೆ ಮಾಡಿದಳು. ನಾನು ಹೋಳಿಗೆ ತಿಂದೆ. ಕೋಳಿಗಳ ಕತೆ ನೌಕರಿ ಸಿಕ್ಕ ಮೇಲೆ ಹುಟ್ಟಿದ್ದು.

ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ. ಬೈಕು ಅಲುಗುತ್ತಿತ್ತು, ಅದಕ್ಕೇ ಇರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ.

ನಾಲ್ಕನೆಯ ಭೇಟಿ ನನ್ನ ಪಟ್ಟಿಯಲ್ಲಿ ಇರಲಿಲ್ಲ. "ಒಂದು ಕಡೆ ನಾನು ಕರ್ಕೊಂಡು ಹೊಕ್ಕೀನಿ, ಬರ್ರಿ" ಎಂದು ಅವಳೇ ತಮ್ಮೂರಿನ ಹತ್ತಿರದ ಒಂದು ಹೊಲಕ್ಕೆ ಕರೆದೊಯ್ದಳು. ಬಿಳಿ ಬಲೆ ಕಟ್ಟಿದ ಚಪ್ಪರದ ಒಳಗೆ ಸಾಲಾಗಿ ಟೊಮ್ಯಾಟೊ ಗಿಡಗಳು. ಕುಷ್ಟಗಿ ಕಡೆ ಇಂಥ ಬಲೆಗಳು ಬಹಳ. ಬೀಜದ ಕಂಪನಿಗಳಿಗಾಗಿ ಇಲ್ಲಿ ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸುತ್ತಾರೆ. ಸಂಜೆ ಮೊಗ್ಗನ್ನು ಚಿಮಟದಿಂದ ಬಿಡಿಸಿ ಗಂಡು ಭಾಗ ಕಿತ್ತುಹಾಕುವುದು, ಮರುದಿನ ಬೆಳಿಗ್ಗೆ ಪರಾಗ ಹಚ್ಚುವುದು, ಮುಗಿದ ಹೂವಿಗೆ ಗುರುತು ಮಾಡುವುದು. ನಮ್ಮ ಹೆಂಗಸರು ಇದನ್ನು 'ಕ್ರಾಸ್ ಮಾಡೋದು' ಎನ್ನುತ್ತಾರೆ. ಹುಡುಗಿ ರಜೆಯಲ್ಲಿ ಅವ್ವನ ಜೊತೆ ಈ ಕೆಲಸಕ್ಕೆ ಬರುತ್ತಿದ್ದಳು. ನನಗೆ ಅದು ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದೆ. ಮಾಸ್ತರನ ಸೋದರಸೊಸೆ ಕೂಲಿಗೆ ಹೋಗುತ್ತಾಳೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿ ಸ್ಕೂಟಿಯ ಮೇಲೆ ಒಬ್ಬ ಹೆಣ್ಣುಮಗಳು ಬಂದಳು. ಸುಮಾರು ಮೂವತ್ತರ ವಯಸ್ಸು, ತಲೆಗೆ ಟೋಪಿ, ಕೊರಳಲ್ಲಿ ಭೂತಗನ್ನಡಿ. ಬೀಜದ ಕಂಪನಿಯ ಪರವಾಗಿ ಹೊಲಗಳನ್ನು ತಪಾಸಣೆ ಮಾಡುವ ಅಧಿಕಾರಿ ಅವಳು. ಬಂದವಳೇ ಸಾಲಿಗೆ ನುಗ್ಗಿ, ಸರಿಯಾಗಿ ಕ್ರಾಸ್ ಆಗದ ಹೂಗಳನ್ನು ಪಟಪಟ ಕಿತ್ತು ಹೊಲದ ಮಾಲೀಕನ ಕೈಗೆ ಕೊಟ್ಟು, "ಯಾರ್ರಿ ಮಾಡ್ಯಾರ ಇದನ್ನ? ಕಣ್ಣ ಮುಚ್ಕೊಂಡು ಮಾಡ್ಯಾರೇನ್ರಿ?" ಎಂದು ಗದರಿಸಿದಳು. ಊರಲ್ಲಿ ಎಲ್ಲರನ್ನೂ ಗದರಿಸುವ ಆ ಮಾಲೀಕ ಹೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ನಮ್ಮ ಹುಡುಗಿಯ ಮುಖ ನೋಡಿದೆ. ನಾಲ್ಕು ದಿನದಲ್ಲಿ ಮೊದಲ ಸಲ ಅವಳು ನಗುತ್ತಿದ್ದಳು.

ಪ್ರಶ್ನೆ ಕೇಳಿದಳು. ಆ ಅಧಿಕಾರಿ ಟೋಪಿ ತೆಗೆದು ಬೆವರು ಒರೆಸಿಕೊಂಡು ಹೇಳಿದಳು: "ನಾನ ಆರಿಸ್ಕೊಂಡೆ. ಹತ್ತನೇದು ಆದ ಮ್ಯಾಲೆ ಎರಡು ವರ್ಷದ ಕೃಷಿ ಡಿಪ್ಲೊಮಾ ಮಾಡ್ದೆ. ಮನ್ಯಾಗ ಬ್ಯಾಡ ಅಂದಿದ್ರು. ಈಗೂ ಒಮ್ಮೊಮ್ಮೆ ಬಿಸಿಲಾಗ ನಿಂತಾಗ ತಪ್ಪಾತೇನೋ ಅನಸ್ತೈತಿ. ಆದ್ರ ಯಾರನ್ನ ಬೈಲಿ? ನನ್ನ ನಾನ ಬೈಕೊಂಡು ಮುಂದಿನ ಹೊಲಕ್ಕ ಹೊಕ್ಕೀನಿ."

ಹೊಲದ ಹೊರಗೆ ಬಂದ ಮೇಲೆ ಹುಡುಗಿ ಹೇಳಿದಳು. "ಮಾಮಾ, ಇದು ನನಗ ಆಗ್ತೈತೋ ಇಲ್ಲೋ ಇನ್ನೂ ಗೊತ್ತಿಲ್ರಿ. ಆದ್ರ ಆ ಡಿಪ್ಲೊಮಾಕ್ಕ ಅರ್ಜಿ ಹಾಕ್ತೀನಿ. ಶುಕ್ರವಾರ ಕಡೇ ದಿನ ಐತಂತ, ಒರಿಜಿನಲ್ ತೋರಿಸ್ಬೇಕಂತ. ನನ್ನ ಮಾರ್ಕ್ಸ್ ಕಾರ್ಡ್ ಕೊಡ್ರಿ."

ಅಂದು ಸೋಮವಾರ. ಹುಬ್ಬೇರಿಸಲು ತಯಾರಾಗಿದ್ದ ನನ್ನ ಮುಖ ಎಲ್ಲಿ ಹೋಯಿತೋ. "ಬೀರುವಿನೊಳಗ ಐತಿ, ಕೊಡ್ತೀನಿ ತಡಿ" ಎಂದೆ. ಮಂಗಳವಾರ ಬೀರುವಿನ ಕೀಲಿ ಸಿಗುತ್ತಿಲ್ಲ ಎಂದೆ. ಬುಧವಾರ ಅವಳ ಫೋನು ಎತ್ತಲಿಲ್ಲ. ಮಕ್ಕಳು ಹೋಮ್‌ವರ್ಕ್ ಮನೆಯಲ್ಲಿ ಬಿಟ್ಟುಬಂದೆ ಎಂದಾಗ ಬೆಂಚಿನ ಮೇಲೆ ನಿಲ್ಲಿಸುವವನು ನಾನು. ಗುರುವಾರ ಬೆಳಿಗ್ಗೆ ಅವಳೇ ಅವ್ವನನ್ನು ಕರೆದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದು ನಿಂತಾಗ ಬೇರೆ ದಾರಿ ಉಳಿದಿರಲಿಲ್ಲ. ಹೇಳಿದೆ.

ತಂಗಿಯ ಮುಖ ಅರಳಿತು. "ಸೀಟು ಹಿಡದೇ ಬಿಟ್ಟೀಯೇನಣ್ಣಾ! ಛಲೋ ಆತು ಬಿಡು. ಇಕಿ ಸುಮ್ನ ಹೊಲ ಹೊಲ ಅಂತಾಳ" ಎಂದಳು. ಹುಡುಗಿ ಅಳಲಿಲ್ಲ, ಕೂಗಾಡಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ನನ್ನ ಮುಂದಿನ ಟೀಪಾಯಿಯ ಮೇಲೆ ಇಟ್ಟಳು. "ಹಂಗಾರ ಇದೆಲ್ಲಾ ಯಾಕ ಮಾಡಿಸಿದ್ರಿ ಮಾಮಾ?" ಎಂದು ಕೇಳಿದಳು. ನನಗೆ ಅಷ್ಟು ನಾಚಿಕೆಯಾದದ್ದು ನೆನಪಿಲ್ಲ. ಅಂಗಿ ಹಾಕಿಕೊಂಡು, "ನಡಿ, ಗಂಗಾವತಿಗೆ ಹೋಗೋಣ" ಎಂದೆ.

ಕಾಲೇಜಿನ ಕಚೇರಿಯಲ್ಲಿ ನನ್ನ ಸಹಪಾಠಿ ಕುರ್ಚಿ ಎಳೆದು ಕೂರಿಸಿದ. ವಿಷಯ ಕೇಳುತ್ತಿದ್ದಂತೆ ಅವನ ನಗೆ ಇಳಿಯಿತು. "ಒಮ್ಮೆ ಕೊಟ್ಟ ಒರಿಜಿನಲ್ ಹಂಗ ವಾಪಸ್ ಬರೂದಿಲ್ಲಪಾ. ಸ್ವಂತ ಇಚ್ಛೆಯಿಂದ ಸೇರ್ತೀನಿ ಅಂತ ಹುಡುಗಿನ ಸಹಿ ಮಾಡ್ಯಾಳಲ್ಲ" ಎಂದು ಫೈಲು ಬಿಚ್ಚಿ ಅರ್ಜಿಯನ್ನು ಅವಳ ಮುಂದೆ ತಿರುಗಿಸಿದ. ಅವಳು ಬಗ್ಗಿ ನೋಡಿದಳು. ಬಲೆಯೊಳಗೆ ಹೂವನ್ನು ನೋಡುವಾಗಲೂ ಅವಳು ಹೀಗೇ ಬಗ್ಗುತ್ತಿದ್ದಳು.

"ಇದು ನಂದಲ್ರಿ" ಎಂದಳು. "ಈ ಕಚೇರಿಗೆ ನಾನು ಬಂದದ್ದ ಇವತ್ತು."

"ಹಂಗಾರ ಯಾರು ಮಾಡ್ಯಾರ?"

ಕಚೇರಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಒಬ್ಬ ನನ್ನ ಹಳೆಯ ವಿದ್ಯಾರ್ಥಿ, ತನ್ನ ತಮ್ಮನಿಗೆ ಸೀಟು ಹಿಡಿಯಲು ಬಂದಿದ್ದ. ಬಂದಾಗಲೇ ನನಗೆ ಎದ್ದು ನಿಂತು ನಮಸ್ಕಾರ ಮಾಡಿದ್ದ. ಮಕ್ಕಳಿಗೆ ಮರೆವು, ಸಹಿ ಮಾಡಿದ್ದು ಮರೆತಿದ್ದಾಳೆ ಎಂದು ಹೇಳಿಬಿಡಬಹುದಿತ್ತು. ಸಹಪಾಠಿಯೂ ಅದನ್ನೇ ಕಾಯುತ್ತಿದ್ದ. ಆ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು, ನಿಮ್ಮ ಮುಂದೆ ಸುಳ್ಳು ಯಾಕೆ. ಹುಡುಗಿ ನನ್ನತ್ತ ನೋಡಲಿಲ್ಲ. ನಾನು ಏನು ಹೇಳುತ್ತೇನೆ ಎಂಬ ನಿರೀಕ್ಷೆಯನ್ನೇ ಅವಳು ಬಿಟ್ಟುಬಿಟ್ಟಿದ್ದಳು. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ನಾನು ಮಾಡೀನಿ" ಎಂದೆ. ದನಿ ಸಣ್ಣಗೆ ಬಂತು. ಸಹಪಾಠಿ "ಆಂ?" ಎಂದ. ಇನ್ನೊಮ್ಮೆ ಹೇಳಬೇಕಾಯಿತು.

ಅವನು ಒಂದು ಬಿಳಿ ಹಾಳೆ ಕೊಟ್ಟು, "ಬರದು ಕೊಡು. ನನ್ನ ಮ್ಯಾಲೆ ಬರಬಾರ್ದು" ಎಂದ. ಬರೆದೆ. 'ವಿದ್ಯಾರ್ಥಿನಿಯ ಗಮನಕ್ಕೆ ತಾರದೆ ಆಕೆಯ ಸಹಿಯನ್ನು ನಾನೇ ಮಾಡಿರುತ್ತೇನೆ' ಎಂಬ ವಾಕ್ಯ ಬರೆಯುವಾಗ ಇಷ್ಟು ವರ್ಷ ಮಕ್ಕಳಿಂದ ಬರೆಸಿಕೊಂಡ ತಪ್ಪೊಪ್ಪಿಗೆ ಪತ್ರಗಳೆಲ್ಲ ನೆನಪಾದವು. ಕೆಳಗೆ ಹುದ್ದೆ ಬರೆಯಬೇಕಿತ್ತು. ಸಹ ಶಿಕ್ಷಕ ಎಂದು ಬರೆದು ಪೆನ್ನು ಎತ್ತಿದೆ. ವೃತ್ತಿ ಮಾರ್ಗದರ್ಶಕ ಎಂಬುದನ್ನು ಬಿಟ್ಟುಬಿಟ್ಟೆ. ಹಳೆಯ ವಿದ್ಯಾರ್ಥಿ ಮೊಬೈಲು ನೋಡುವವನಂತೆ ತಲೆ ತಗ್ಗಿಸಿದ್ದ, ಹೋಗುವಾಗ ನಮಸ್ಕಾರ ಮಾಡಲು ಮರೆತ. ಸಹಪಾಠಿ ಪತ್ರವನ್ನು ಎರಡು ಸಲ ಓದಿ, ಫೈಲಿಗೆ ಚುಚ್ಚಿ, ಬೀರು ತೆರೆದ. ಮಾರ್ಕ್ಸ್ ಕಾರ್ಡು, ಟಿ.ಸಿ. ಎರಡನ್ನೂ ರೂಢಿಯಂತೆ ನನ್ನ ಕಡೆ ಚಾಚಿದ. ಹುಡುಗಿ ನಡುವೆ ಕೈ ಹಾಕಿ ತೆಗೆದುಕೊಂಡಳು.

ಶುಕ್ರವಾರ ಕುಷ್ಟಗಿಯ ಒಂದು ಸೈಬರ್ ಅಂಗಡಿಯಲ್ಲಿ ಕೂತು ಅವಳೇ ಅರ್ಜಿ ತುಂಬಿದಳು. ಅವಳ ಅಪ್ಪ ಹೊಲದಲ್ಲಿದ್ದ, ಸಿಕ್ಕ ಸೀಟು ಬಿಟ್ಟುಬಂದದ್ದಕ್ಕೆ ತಂಗಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ, ಹಾಗಾಗಿ ಜೊತೆಗೆ ನಾನೇ ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದೆ. ಕರೆಯದೆ ಒಳಗೆ ಹೋಗಲು ಧೈರ್ಯವಾಗಲಿಲ್ಲ. ಎದುರಿನ ನಿಲ್ದಾಣಕ್ಕೆ ಯಾವುದೋ ಬಸ್ಸು ಬಂತು, ಜನ ಟವೆಲು ಹಿಡಿದು ಓಡಿದರು. ಈ ಸಲ ನನಗೆ ನಗು ಬರಲಿಲ್ಲ.

ಪ್ರಿಂಟು ಬಂದ ಮೇಲೆ ಅವಳು ಕರೆದಳು. ಕೊನೆಯ ಪುಟದಲ್ಲಿ ಎರಡು ಸಾಲುಗಳಿದ್ದವು, ಮೇಲೆ ವಿದ್ಯಾರ್ಥಿನಿಯದು, ಕೆಳಗೆ ಪೋಷಕರದು. ನನ್ನ ಕೈಗೆ ಪೆನ್ನು ಕೊಟ್ಟು, ಮೇಲಿನ ಸಾಲನ್ನು ಅಂಗೈಯಿಂದ ಪೂರ್ತಿ ಮುಚ್ಚಿದಳು.

"ಕೆಳಗಿಂದಷ್ಟ ಮಾಡ್ರಿ ಮಾಮಾ."